ಮೂರೇ ಮೂರು

ಚೀಟಿ ತಂದಿರಲಿಲ್ಲ ಇಂದೂತಾಯಿ.
ಇದ್ದದ್ದು ಹಳೆಯದು, ಮಡಿಕೆಯಲ್ಲಿ ಹರಿದದ್ದು,
ಬರೆದ ಡಾಕ್ಟರೇ ಈಗ ಇಲ್ಲ.
ಗುರುವಾರ ರಾತ್ರಿ ಒಂಬತ್ತೂವರೆ, ಪುಣೆಯ ಕಸಬಾ ಪೇಠೆ.
ಮುಥಾ ಶೇಠರು ಗಲ್ಲಾ ಎಣಿಸಿ ಹೋದ ಮೇಲೆ
ಅರ್ಧ ಇಳಿದ ಶಟರಿನ ಕೆಳಗೆ ಬಗ್ಗಿ ಬಂದು
‘ನಿದ್ದೆ ಗುಳಿಗೆ’ ಅಂದರು,
ಅರ್ಧ ಲೀಟರ್ ಹಾಲು ಕೇಳಿದ ಹಾಗೆ.

ನಲವತ್ತೊಂದು ವರ್ಷ ಗೋಡೆಯಾಚೆ
ಗಂಡ ತಾಮ್ರ ಬಡಿಯುತ್ತಿದ್ದನಂತೆ, ಹಂಡೆ, ಬಿಂದಿಗೆ, ಪರಾತ.
ಆ ಸದ್ದಿನಲ್ಲೇ ಬಸುರಾಗಿ, ಹೆತ್ತು,
ಆ ಸದ್ದನ್ನೇ ಜೋಗುಳ ಮಾಡಿ ಮಕ್ಕಳನ್ನು ಮಲಗಿಸಿದ್ದು.
ಸುತ್ತಿಗೆ ನಿಂತು ಏಳು ತಿಂಗಳು.
‘ಇಷ್ಟು ಗದ್ದಲದ ಮೌನದಲ್ಲಿ
ಯಾರಿಗೆ ನಿದ್ದೆ ಹತ್ತುತ್ತೆ, ನೀನೇ ಹೇಳು.’

ಕಾನೂನು ನನಗೆ ಗೊತ್ತು.
ಗೋಡೆಯ ಮೇಲಿನ ಲೈಸೆನ್ಸಿನಲ್ಲಿರುವುದು ನನ್ನದೇ ಫೋಟೊ,
ಎಣ್ಣೆ ಹಚ್ಚಿ ಬಾಚಿ, ಎಂದೂ ತಪ್ಪು ಮಾಡದವಳ ಮುಖ.
ಕೊಟ್ಟರೆ ಆ ಮುಖಕ್ಕೆ ಉತ್ತರ ಕೊಡಬೇಕು.
ಕೊಡದಿದ್ದರೆ ಈ ಮುಖಕ್ಕೆ,
ಇದರ ಕಣ್ಣ ಕೆಳಗಿನ ಕಪ್ಪಿಗೆ.
ಕತ್ತರಿ ತೆಗೆದು ಪಟ್ಟಿಯಿಂದ ಕತ್ತರಿಸಿದೆ:
ಮೂರು. ಮೂರೇ ಮೂರು.
ಮೂರರಿಂದ ಏನಾಗುತ್ತದೆ?
ಮುಂದಿನ ಗುರುವಾರ ಇನ್ನು ಮೂರು.

ಅಕ್ಕಲಕೋಟೆಯಲ್ಲಿ ಅಪ್ಪ ಬಂಗಾರ ತೂಗುತ್ತಿದ್ದದ್ದು ಗುಲಗಂಜಿಯಿಂದ.
ಕೆಂಪು ಕಾಳು, ಒಂದೇ ಕಡೆ ಕಪ್ಪು ಬೊಟ್ಟು.
ಒಮ್ಮೆ ಬಾಯಿಗೆ ಹಾಕಿಕೊಂಡಿದ್ದೆ;
ಅವ್ವ ಬೆನ್ನಿಗೆ ಗುದ್ದಿ ಗುದ್ದಿ ಉಗುಳಿಸಿದಳು,
ಆಮೇಲೆ ಬಚ್ಚಲಲ್ಲಿ ಕೂತು ತಾನೇ ಅತ್ತಳು.
ವಿಷದ ಕಾಳಿನಿಂದ ಬಂಗಾರ ತೂಗಿದ ಮನೆಯವಳು ನಾನು.
ತೂಗುವುದು ಬರುತ್ತದೆ ಅಂದುಕೊಂಡಿದ್ದೆ.

ದೀಪಾವಳಿ ಮುಗಿದ ವಾರ
ಸೆರಗಿನೊಳಗಿಂದ ಡಬ್ಬಿಯೊಂದನ್ನು ತೆಗೆದು ಕೌಂಟರಿನ ಮೇಲಿಟ್ಟರು.
ತಾಮ್ರದ್ದು, ಗಂಡನ ಕೈಯದ್ದು,
ಮೈತುಂಬ ಸುತ್ತಿಗೆಯ ಸಣ್ಣ ಸಣ್ಣ ಕುಳಿ.
ಮುಚ್ಚಳ ತೆಗೆದೆ.
ಎಣಿಸುವುದೇ ನನ್ನ ಕೆಲಸವಲ್ಲವೇ, ಎಣಿಸಿದೆ.
ಐವತ್ತೊಂದು.
ಹದಿನೇಳು ಗುರುವಾರ,
ಒಂದಾದರೂ ಗಂಟಲಿಗಿಳಿದಿರಲಿಲ್ಲ.

‘ಕೂಡಿಡುತ್ತಿದ್ದೆ’ ಅಂದರು,
ಮೊಮ್ಮಗಳ ಗೆಜ್ಜೆಗೆ ಚಿಲ್ಲರೆ ಕೂಡಿಟ್ಟವರ ಹಾಗೆ.
‘ಯಾಕೆ ಅಂತ ಕೇಳಬೇಡ. ಈಗ ಬೇಡ ಅನಿಸಿದೆ.
ಹಾಳಾಗುವುದು ಬೇಡ, ಯಾರಿಗಾದರೂ ಕೊಡು.’

ಹನಿಗೂಡಿದರೆ ಹಳ್ಳ.
ಅವ್ವನ ಗಾದೆ ಅಂಗಡಿಯೊಳಕ್ಕೆ ನುಗ್ಗಿ
ನನ್ನ ಮೊಣಕಾಲಿನವರೆಗೆ ಬಂತು.

ಕೇಳಬೇಡ ಅಂದದ್ದನ್ನು ಕೇಳಲಿಲ್ಲ.
‘ನಿದ್ದೆ?’ ಅಂದೆ.
‘ಎಲ್ಲಿಯ ನಿದ್ದೆ! ಪಕ್ಕದ ಮನೆಯ ಹುಡುಗ
ಇವರ ಸುತ್ತಿಗೆ ಒಯ್ದಿದ್ದಾನೆ, ಕಲಿಯುತ್ತಾನಂತೆ.
ತಾಳ ಒಂದೂ ನೆಟ್ಟಗಿಲ್ಲ.
ಬೆಳಗಾದರೆ ಬೈಯಲಿಕ್ಕೆ ನಾನೇ ಏಳಬೇಕು.’
ನಕ್ಕರು. ನನಗೆ ನಗಲಾಗಲಿಲ್ಲ.

ಅವರನ್ನು ಉಳಿಸಿದ್ದು ನಾನಲ್ಲ, ಅದಂತೂ ಸ್ಪಷ್ಟ.
ಪ್ರತಿವಾರ ಒಂದಿಷ್ಟು ಸಾವು ಕತ್ತರಿಸಿ,
ಕಾಗದದಲ್ಲಿ ಸುತ್ತಿ, ‘ಸಾವಕಾಶ ಹೋಗಿ’ ಅಂದವಳು ನಾನು.
ಆದರೆ ಆ ಮೂರಕ್ಕಾಗಿಯೇ ಅಲ್ಲವೇ ವಾರಕ್ಕೊಮ್ಮೆ
ಸೀರೆ ಸರಿಮಾಡಿಕೊಂಡು ಹೊರಬಿದ್ದದ್ದು,
ಹತ್ತು ನಿಮಿಷ ನಿಂತು ತನ್ನ ಗಂಡನನ್ನು ಬೈದದ್ದು?
ಕೊಡದೆ ಕಳಿಸಿದ್ದರೆ?
ಈ ತಕ್ಕಡಿಯ ಮುಳ್ಳು ಇನ್ನೂ ಅಲ್ಲಾಡುತ್ತಲೇ ಇದೆ.

ಈಗ ಕೌಂಟರಿನ ಮುಂದೊಂದು ಸ್ಟೂಲ್ ಇಟ್ಟಿದ್ದೇನೆ.
ಯಾಕೆ, ಇದೇನು ಚಹಾದಂಗಡಿಯೇ, ಅಂದರು ಶೇಠರು.
ಗಿರಾಕಿಗೆ ಕಾಲುನೋವು ಅಂದೆ.

ಮತ್ತೆ ಗುರುವಾರ. ಶಟರ್ ಅರ್ಧ ಇಳಿದಿದೆ.
ಹೊರಗೆ ಯಾರದೋ ಕಾಲು, ರಬ್ಬರ್ ಚಪ್ಪಲಿ,
ಬರಲೋ ಬೇಡವೋ ಅಂತ ನಿಂತಿದೆ.
ಕತ್ತರಿಯನ್ನು ಡ್ರಾವರಿಗೆ ಹಾಕಿ
ಸ್ಟೂಲ್ ಸ್ವಲ್ಪ ಮುಂದಕ್ಕೆ ಎಳೆಯುತ್ತೇನೆ.
ಡ್ರಾವರನ್ನು ಪೂರ್ತಿ ಮುಚ್ಚಿಲ್ಲ.