ಐನೂರರ ಮುಂದೆ ಒಂದು ಚುಕ್ಕಿ

ಸುಂಟಿಕೊಪ್ಪದ ಹಲ್ಲಿಂಗ್ ಮಿಲ್ಲಿನಲ್ಲಿ
ಇಪ್ಪತ್ತೆರಡು ವರ್ಷ ಲೆಕ್ಕ ಬರೆದವನು ನಾನು.
ಐವತ್ತೊಂದನೆಯ ವಯಸ್ಸಿಗೆ ಸಿ ಕಲಿಯಲು ಕೂತೆ.
ಕಾಫಿಯ ಓಟಿ ಹೇಳುವ ಒಂದೇ ಒಂದು ಪ್ರೋಗ್ರಾಮು,
ಅಷ್ಟೇ ಆಸೆ.

ಗುರು, ಲೋಡಿಂಗ್ ಹಂಸನ ಮಗಳು ಸಫ್ರೀನಾ,
ಕುಶಾಲನಗರದಲ್ಲಿ ಡಿಪ್ಲೊಮಾ ಎರಡನೇ ವರ್ಷ.
ಬಸ್ಸಿಳಿದು ಅಪ್ಪನಿಗೆ ಕಾಯುವ ಅರ್ಧ ಗಂಟೆ
ನನ್ನ ಕುರ್ಚಿಯ ಹಿಂದೆ ನಿಲ್ಲುತ್ತಾಳೆ
ಕೈ ಬೆನ್ನಿಗೆ ಕಟ್ಟಿಕೊಂಡು.
ಕೀಲಿಮಣೆ ಮುಟ್ಟುವುದಿಲ್ಲ. ಅದು ಅವಳ ಶಪಥ.

ಮೊದಲ ದಿನ, ಕಂಪೈಲರ್ ಎಂಬುದೊಂದು ಇದೆಯೆಂದೇ
ಯಂತ್ರ ಒಪ್ಪಲಿಲ್ಲ.
“ಇದೆ ಮೊಣ್ಣಪ್ಪಣ್ಣ, ನೀವು ದಾರಿ ಹೇಳಿಲ್ಲ.”
ಹೊಸ ಲಾರಿಯವನಿಗೆ ತೋಟದ ಗೇಟು ಹೇಳಿದ ಹಾಗೆ
ಯಾವ ಡ್ರೈವು, ಯಾವ ಫೋಲ್ಡರು, ಯಾವ ತಿರುವು,
ಎಲ್ಲ ಬರೆದೆ. ಆದರೂ ಕುರುಡು.
“ಆ ಕಪ್ಪು ಕಿಟಕಿ ಮುಚ್ಚಿ ಮತ್ತೆ ತೆರೆಯಿರಿ.
ಅದಿನ್ನೂ ಹಳೇ ದಾರಿಯ ನೆನಪಲ್ಲಿದೆ.”

ಮರುದಿನ ಹದಿನೇಳು ತಪ್ಪು.
ಎದ್ದು ಹೊರಗೆ ಹೋಗಿ ಒಂದು ಬೀಡಿ ಸೇದಿ ಬಂದೆ.
ಆಗಲೂ ಹದಿನೇಳೇ.
“ಮೊದಲನೆಯದನ್ನು ಮಾತ್ರ ನೋಡಿ.”
ಮೊದಲನೆಯದು ಹನ್ನೆರಡನೇ ಸಾಲಿನದು.
ಹನ್ನೆರಡನ್ನು ಅಕ್ಷರ ಅಕ್ಷರ ಓದಿದೆ,
ಅಳಿಸಿದೆ, ಅದನ್ನೇ ತಿರುಗಿ ಬರೆದೆ, ಬೈದೆ.
“ಮೇಲಿನ ಸಾಲು.”
ಹನ್ನೊಂದರ ಬಾಲಕ್ಕೆ ಅರ್ಧವಿರಾಮ ಇರಲಿಲ್ಲ.
ಚೀಲದ ಬಾಯಿ ಹೊಲಿಯದೆ ಬಿಟ್ಟದ್ದು ಕಣದಲ್ಲಿ,
ಕಾಳು ಚೆಲ್ಲಿದ್ದು ಲಾರಿಯಲ್ಲಿ,
ಬೈಗುಳ ಡ್ರೈವರನಿಗೆ.
ಒಂದು ಚುಕ್ಕಿ, ಅದರಡಿ ಒಂದು ಕೊಕ್ಕೆ;
ಹದಿನಾರೂ ತಾವಾಗಿಯೇ ಎದ್ದು ಹೋದವು.

ಇನ್ನೊಂದು ಸಂಜೆ
ಎಷ್ಟು ತಿದ್ದಿದರೂ ಅದೇ ಉತ್ತರ.
“ಕಂಪೈಲ್ ಮಾಡಿದಿರಾ?”
ಮಾಡಿರಲಿಲ್ಲ.
ತಿದ್ದಿದ್ದು ಇಂದಿನ ಬರಹ, ಓಡುತ್ತಿದ್ದದ್ದು ನಿನ್ನೆಯದು.
ಅವಳು ನಗಲಿಲ್ಲ, ಪಾಪ.

ಕೊನೆಗೊಂದು ದಿನ ತಪ್ಪಿಲ್ಲ ಎಂದಿತು.
ಹರದೂರಿನ ಸೆಲಿನ್ ಬಾಯಿಯ ಸ್ಯಾಂಪಲ್ ಹಾಕಿದೆ:
ಚೆರಿ ಐನೂರು ಗ್ರಾಂ,
ಹೊಟ್ಟು ಹಾರಿಸಿ ಉಳಿದದ್ದು ಇನ್ನೂರ ಅರವತ್ತನಾಲ್ಕು.
ಐನೂರರಿಂದ ಭಾಗಿಸು, ಐವತ್ತರಿಂದ ಗುಣಿಸು.
ಓಟಿ: ಸೊನ್ನೆ.
ಒಂದು ಕಾಳೂ ಇಲ್ಲದ ಚೀಲ!

“ವ್ಯಾಕರಣ ಸರಿ ಇದೆ ಅಂದದ್ದು ಅಷ್ಟೇ ಅದು.
ಇಡೀ ಸಂಖ್ಯೆಗೆ ಇಡೀ ಸಂಖ್ಯೆ ಕೊಟ್ಟಿರಿ,
ಒಂದಕ್ಕೆ ಕಡಿಮೆ ಬಂದದ್ದನ್ನೆಲ್ಲ ಉದುರಿಸಿತು.”
ಹಾಗಾದರೆ ಮೊದಲು ಗುಣಿಸಿ ಆಮೇಲೆ ಭಾಗಿಸಿದೆ.
ಇಪ್ಪತ್ತಾರು.
ಸರಿಹೋಯಿತು ಎಂದು ಕುರ್ಚಿಗೆ ಒರಗಿದೆ,
ನನ್ನ ಲೆಡ್ಜರಿನಲ್ಲೂ ಇಪ್ಪತ್ತಾರೇ.

“ನಾಲ್ಕು?” ಎಂದಳು.
“ಇಪ್ಪತ್ತಾರರ ಮೇಲೆ, ಚುಕ್ಕಿ ನಾಲ್ಕು?”

ಚಿಲ್ಲರೆ ಬಿಡುವುದು ಇಲ್ಲಿಯ ರೂಢಿ.
ಯಾರೂ ಹೇಳಿದ್ದಲ್ಲ, ಯಜಮಾನರೂ ಹೇಳಿದ್ದಲ್ಲ.
ನನಗೆ ಲೆಕ್ಕ ಕಲಿಸಿದ ಬೆಳ್ಯಪ್ಪ ರೈಟರು ಹಾಗೆ ಬರೆಯುತ್ತಿದ್ದರು.
ಇಷ್ಟನ್ನೂ ಆ ಹುಡುಗಿಗೆ ಹೇಳಬೇಕೆಂದುಕೊಂಡೆ.
ಹೇಳದೆ, ಐನೂರರ ಮುಂದೆ
ಒಂದು ಚುಕ್ಕಿ ಇಟ್ಟು ಸೊನ್ನೆ ಬರೆದೆ.

ಬಂದದ್ದು ಹುಚ್ಚು ಸಂಖ್ಯೆ.
ಅಷ್ಟು ಕಾಫಿ ಬೆಳೆಯಲು ಇಡೀ ಕೊಡಗು ಸಾಲದು.
“ಅಚ್ಚು ಹಾಕುವ ಸಾಲಲ್ಲಿ ಇನ್ನೂ ಡಿ ಇದೆ. ಎಫ್ ಮಾಡಿ.”
ಮಾಡಿದೆ. ಕಂಪೈಲ್ ಮಾಡಿದೆ, ನೆನಪಿಟ್ಟು.
ಇಪ್ಪತ್ತಾರು ಚುಕ್ಕಿ ನಾಲ್ಕು,
ಅದರ ಹಿಂದೆ ಐದು ಸೊನ್ನೆ, ಸಾಲಾಗಿ,
ರೇಷನ್ನಿಗೆ ನಿಂತವರಂತೆ.

ಹೊರಗಿಂದ ಹಂಸ ಕೂಗಿದ. ಅವಳು ಹೋದಳು.

ಸೆಲಿನ್ ಬಾಯಿಗೆ ಆರು ಚೀಲ.
ಚೀಲಕ್ಕೆ ನಾನೂರು ಗ್ರಾಂ.
ಇದಕ್ಕೆ ಕಂಪ್ಯೂಟರ್ ಬೇಡ, ಬೆರಳು ಸಾಕು.
ಬರೆದಿಟ್ಟ ಚೀಟಿ ಹರಿದು ಹೊಸದು ಬರೆದೆ,
ಚುಕ್ಕಿಯ ಮೇಲೆ ಪೆನ್ನು ಸ್ವಲ್ಪ ಹೆಚ್ಚೇ ಒತ್ತಿ.

ಹಳೆಯ ಲೆಡ್ಜರುಗಳು
ಕಪಾಟಿನ ಮೇಲಿನ ಸಾಲಿನಲ್ಲಿವೆ.
ದೀಪ ಆರಿಸಲು ಎದ್ದವನು
ಸ್ಟೂಲು ಎಳೆದುಕೊಂಡೆ.