ಆರಕ್ಕೆ ಐದು

ಸಭೆ ಲಿನೆನ್ ಕೋಣೆಯಲ್ಲಿ. ಬೇರೆ ಜಾಗವಿರಲಿಲ್ಲ.
ಒಗೆದ ಬೆಡ್‌ಶೀಟಿನ ಗಂಟುಗಳ ಮೇಲೆ ಕೂತೆವು ಹನ್ನೊಂದು ಮಂದಿ.
ಫಿನಾಯಿಲಿನ ಘಾಟು, ಒಂದು ಫ್ಯಾನು,
ಅದಕ್ಕೂ ಒಂದೇ ಸ್ಪೀಡು.

ಹೊಸ ಸೂಪರಿಂಟೆಂಡೆಂಟ್ ಹೇಳಿಕಳಿಸಿದ್ದರು:
ಇನ್ನು ಮೇಲೆ ವಾರ್ಡಿನ ಮಾತು ವಾರ್ಡಿನವರೇ ಆಡಿ, ನೀವೇ ತೀರ್ಮಾನಿಸಿ.
ಮುಖ ಮುಖ ನೋಡಿಕೊಂಡೆವು.
ಇಪ್ಪತ್ತೆರಡು ವರ್ಷ ಈ ಹಾಸನದ ದೊಡ್ಡಾಸ್ಪತ್ರೆಯಲ್ಲಿ
ನನ್ನನ್ನು ಕೇಳಿದವರು ಕೇಳಿದ್ದು ಇಷ್ಟೇ:
ಬಿ.ಪಿ. ಎಷ್ಟು, ಯೂರಿನ್ ಎಷ್ಟು, ಡ್ರಿಪ್ ಯಾವಾಗ ಮುಗಿಯುತ್ತೆ.
ನಿನಗೇನನ್ನಿಸುತ್ತೆ ಎಂದು
ಗಂಡನೂ ಕೇಳಿದವನಲ್ಲ. ಪಾಪ, ಅವನನ್ನೂ ಯಾರೂ ಕೇಳಿರಲಿಲ್ಲ.

ಮೊದಲ ಸಭೆಯಲ್ಲಿ ಟೀ ಕುಡಿದೆವು.
ಎರಡನೆಯದರಲ್ಲಿ, ಆಕ್ಸಿಜನ್ ಸಿಲಿಂಡರಿನ ಸ್ಪ್ಯಾನರ್
ಸ್ಟೋರಿನ ಬೀರುವಿನಲ್ಲಲ್ಲ, ಬಾಗಿಲ ಪಕ್ಕದ ಮೊಳೆಗೆ, ಎಂದಾಯಿತು.
ಮೊಳೆ ಹೊಡೆಯಲು ಹದಿನೇಳು ದಿನ.
ಕೊನೆಗೆ ಧರ್ಮೇಶನೇ ಮನೆಯಿಂದ ಸುತ್ತಿಗೆ ತಂದ.

ಮೂರನೆಯದರಲ್ಲಿ ಎದ್ದು ನಿಂತವಳು ಜಬೀನಾ,
ಬಂದು ಎರಡು ವರ್ಷವಾಗಿಲ್ಲ, ಪೆನ್ನು ಕಿವಿಗೆ ಸಿಕ್ಕಿಸಿಕೊಳ್ಳುವ ಹುಡುಗಿ:
"ಪಾಳಿ ಬದಲಾಗುವಾಗ ಮೇಜಿನ ಹತ್ತಿರ ಯಾಕೆ ಪಿಸುಗುಟ್ಟಬೇಕು?
ಮಂಚದ ಪಕ್ಕದಲ್ಲೇ ನಿಂತು ಒಪ್ಪಿಸೋಣ. ರೋಗಿಯೂ ಕೇಳಲಿ."

ಬೇಡ ಅಂದೆ.
ಅದು ನನ್ನದೇ ದನಿಯೆಂದು ತಿಳಿಯಲು ಒಂದು ಗಳಿಗೆ ಬೇಕಾಯಿತು.
ಪಕ್ಕದ ಮಂಚಕ್ಕೂ ಕಿವಿಯಿದೆ ಅಂದೆ.
ಒಂಬತ್ತನೇ ನಂಬರಿನ ಹೊಂಬಾಳಮ್ಮನಿಗೆ
ಆ ಗಡ್ಡೆ ಏನೆಂದು ಮಕ್ಕಳೇ ಇನ್ನೂ ಹೇಳಿಲ್ಲ,
ನಾನು ಗಟ್ಟಿಯಾಗಿ ಓದಲೆ?
ಬೆನೆಡಿಕ್ಟಾ ತಲೆಯಾಡಿಸಿದಳು.
ರುದ್ರಾಣಿಗೆ ಆಲೂರು ಬಸ್ಸಿನ ಚಿಂತೆ.
ಕೈ ಎತ್ತಿದೆವು. ಎಣಿಸಿದರು. ಇನ್ನೊಮ್ಮೆ ಎಣಿಸಿದರು.
ಆರಕ್ಕೆ ಐದು.
ನಾನು ಐದರಲ್ಲಿ.

ಅಪ್ಪಣೆಯಾದರೆ ಸುಲಭ, ಬಯ್ದುಕೊಂಡು ಮಾಡಬಹುದು
ಮ್ಯಾಟ್ರನ್ನನ್ನು, ಸರ್ಕಾರವನ್ನು, ಹಣೆಬರಹವನ್ನು.
ಈಗ ಯಾರನ್ನು ಬಯ್ಯಲಿ?
ನನ್ನ ಮಾತು ಪೂರ್ತಿ ಕೇಳಿಯೇ ಸೋಲಿಸಿದ್ದರು.
ಅವತ್ತು ಆಟೋ ಹತ್ತದೆ ಸಾಲಗಾಮೆ ರಸ್ತೆಯುದ್ದಕ್ಕೂ ನಡೆದೆ,
ಸಿಟ್ಟಿಗೊಂದು ವಿಳಾಸ ಸಿಗದೆ.
ಐದು ರೂಪಾಯಿ ಜಾಸ್ತಿ ಹೇಳಿದ ಕಡಲೆಕಾಯಿಯವನ ಮೇಲೆ
ತೀರಿಸಿಕೊಂಡೆ.

ಸೋಮವಾರ ಬೆಳಿಗ್ಗೆ ಎಂಟಕ್ಕೆ, ರಾತ್ರಿ ಪಾಳಿ ಮುಗಿಸಿ
ನಾಲ್ಕನೇ ಮಂಚದ ಪಕ್ಕ ನಿಂತು ಒಪ್ಪಿಸಿದೆ:
ಸಣ್ಣೀರಯ್ಯ, ಐವತ್ತೆಂಟು, ಆಲೂಗಡ್ಡೆ ಮಂಡಿಯಲ್ಲಿ ಹಮಾಲಿ,
ಹೊಟ್ಟೆನೋವು, ರಾತ್ರಿ ಎರಡು ಸಲ ವಾಂತಿ.

"ಎಲ್ಡಲ್ಲ ಕಣವ್ವ, ಮೂರು," ಅಂತು ಕಂಬಳಿಯೊಳಗಿಂದ ಒಂದು ದನಿ.
"ಒಂದ್ಸಲ ನೀವು ಆ ಕೊನೆ ಮಂಚದ್ ತಾವ ಇದ್ರಿ.
ಕರೆಯದ್ಯಾಕೆ ಅಂತ ನಾನೇ ಟವಲ್ನಾಗೆ ಒರೆಸ್ಕಂಡೆ."
"ಯಾವ ಬಣ್ಣ ಇತ್ತು?" ಜಬೀನಾ ಬಗ್ಗಿದಳು.
"ಕಾಪಿ ಚರಟ ಇರ್ತದಲ್ಲ, ಅಂಗೆ."

ಅವಳು ನನ್ನನ್ನು ನೋಡಿದಳು. ನಾನು ಅವಳನ್ನು.
ಡಾಕ್ಟರಿಗೆ ಫೋನು ಹೋದದ್ದು ಎಂಟೂ ಆರಕ್ಕೆ.
ಆಮೇಲೆ ಎರಡನ್ನು ಹೊಡೆದು ಮೂರು ಎಂದು ಬರೆದೆ,
ಪಕ್ಕದಲ್ಲಿ ಸಹಿ.

ಇಷ್ಟಕ್ಕೇ ನಾನು ಬದಲಾದೆ ಎಂದು ಯಾರೂ ಬರೆದುಕೊಳ್ಳಬೇಡಿ.
ಒಂಬತ್ತನೇ ಮಂಚದ ಹತ್ತಿರ ಫೈಲನ್ನು ಎದೆಗೊತ್ತಿಕೊಂಡು
"ನಿದ್ದೆ ಆಗಿದೆ, ಗಂಜಿ ಸೇರಿದೆ" ಅಂದು ಮುಂದಕ್ಕೆ ಕಾಲಿಟ್ಟಿದ್ದೆ.

ಹೊಂಬಾಳಮ್ಮ ದಿಂಬಿನಿಂದ ತಲೆ ಎತ್ತಿ ಕೇಳಿದಳು,
ಜಗಳಕ್ಕಲ್ಲ, ಸುಮ್ಮನೆ, ರೇಷನ್ ಅಂಗಡಿಯಲ್ಲಿ ತೂಕ ಕೇಳುವ ಹಾಗೆ:
"ಎಲ್ಲರ್ದೂ ಅಷ್ಟುದ್ದ ಓದಿದ್ರಿ.
ನಂದು ಮಾತ್ರ ಯಾಕವ್ವ ಇಷ್ಟು ಗಿಡ್ಡ?"

ಗುರುವಾರ ಮತ್ತೆ ಲಿನೆನ್ ಕೋಣೆ.
ನಡಾವಳಿ ಪುಸ್ತಕದಲ್ಲಿ ಮೊದಲನೇ ವಿಷಯ ನಾನೇ ಬರೆದೆ,
ಆಕೆಯ ಮಾತನ್ನೇ, ಒಂದಕ್ಷರ ತಿದ್ದದೆ.
ಓದಿ ಮುಗಿಸಿದ ಮೇಲೆ
ಯಾರೂ ಕೈ ಎತ್ತಲಿಲ್ಲ, ಇಳಿಸಲೂ ಇಲ್ಲ.
ಬೆಡ್‌ಶೀಟಿನ ಗಂಟುಗಳ ಮೇಲೆ ಹನ್ನೊಂದು ಮಂದಿ,
ಹನ್ನೆರಡನೆಯವಳಿಗಾಗಿ
ಸ್ವಲ್ಪ ಸರಿದು ಕೂತೆವು.