ಒಂದು ವರ್ಷದ ನಂತರ

ಶೋ ಮುಗಿದ ಮೇಲೆ ಕನ್ನಡಕ ಒಟ್ಟು ಮಾಡುವುದು ನನ್ನ ಕೆಲಸ.
ಮೂರನೆಯ ಪರದೆ, ಇನ್ನೂರ ಹನ್ನೆರಡು ಸೀಟು, ನೀಲಿ ಬುಟ್ಟಿ.
ಸ್ಪಿರಿಟ್ ಹಾಕಿ ಒರೆಸುವಾಗ ಗೊತ್ತಾಗುತ್ತದೆ
ಸಿನೆಮಾ ಎಂಥದ್ದು ಅಂತ.
ಒಳ್ಳೆಯದಾದರೆ ಗಾಜಿನ ಒಳಬದಿಗೆ ಉಪ್ಪು ಕೂತಿರುತ್ತದೆ,
ತೆಳ್ಳಗೆ, ಒಣಮೀನಿನ ಚೀಲದ ಅಂಚಿನಂತೆ.
ಈ ಶುಕ್ರವಾರದ್ದರಲ್ಲಿ ಬರೀ ಬೆಣ್ಣೆ. ಹೆಬ್ಬೆರಳ ಗುರುತು.
ಜಪಾನಿನ ಕತ್ತಿಯಾಳುಗಳ ಕಥೆ,
ಸಾವಿರ ಕೋಟಿಯದಂತೆ.

ಕಥೆ ಇಷ್ಟೇ: ಒಡೆಯನನ್ನು ಮೋಸದಿಂದ ಸಾಯಿಸಿದರು.
ಆಳುಗಳು ನಲವತ್ತು ಚಿಲ್ಲರೆ ಮಂದಿ,
ಅನ್ನ ಹೋಯಿತು, ಹೆಸರು ಹೋಯಿತು, ಸೇಡಿಗೆ ಕಾದರು.
ಅವರಲ್ಲಿ ಹಿರಿಯ ಕುಡುಕನ ವೇಷ ಹಾಕಿ
ಬೀದಿಯಲ್ಲಿ ಬಿದ್ದ, ಉಗುಳಿಸಿಕೊಂಡ,
ವೈರಿಯ ಕಡೆಯವರು 'ಇವನಿನ್ನು ಮುಗಿದ' ಅಂತ
ಮನೆಗೆ ಹೋಗುವವರೆಗೆ.
ಇದನ್ನು ನನಗೆ ಹೇಳಿದ್ದು ಪ್ರೊಜೆಕ್ಟರಿನ ಇಲ್ಯಾಸ್, ಎಲ್ಲೋ ಓದಿದ್ದನಂತೆ.
ಸಿನೆಮಾದಲ್ಲಿ ಅದಿಲ್ಲ.
ಸಿನೆಮಾದಲ್ಲಿ ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರ:
ಒಂದು ವರ್ಷದ ನಂತರ.
ನಾಲ್ಕು ಸೆಕೆಂಡು. ನಾನು ಎಣಿಸಿದ್ದೇನೆ, ದಿನಕ್ಕೆ ಐದು ಸಲ.
ಆಮೇಲೆ ಡ್ರ್ಯಾಗನ್.

ಡ್ರ್ಯಾಗನ್ ಚೆಂದ ಉಂಟು, ಇಲ್ಲ ಅನ್ನುವುದಿಲ್ಲ.
ಒಂದೊಂದು ಹುರುಪೆಗೆ ಒಬ್ಬೊಬ್ಬ ಕೆಲಸದವ ಇದ್ದನೋ ಏನೋ,
ಕೊನೆಯಲ್ಲಿ ಹೆಸರುಗಳು ಏಳು ನಿಮಿಷ ಮೇಲೇರುತ್ತವೆ
ಖಾಲಿ ಸೀಟುಗಳೆದುರು.
ಮಾಟಗಾತಿಯ ಕೂದಲು ಹಾವಾಗುತ್ತದೆ.
ಎಲ್ಲಿಂದಲೋ ಬಂದ ನೀಲಿ ಕಣ್ಣಿನವನೊಬ್ಬ
ಎಲ್ಲರ ಮುಂದೆ ನಿಲ್ಲುತ್ತಾನೆ,
ಮದುವೆ ಫೋಟೋದ ನಡುವೆ ನುಗ್ಗಿದ ದೂರದ ನೆಂಟನಂತೆ,
ನಲವತ್ತು ಮುಖಗಳು ಅವನ ಭುಜದ ಹಿಂದೆ ಮಸುಕು.
ಕಾಯುವುದನ್ನು ತೋರಿಸಲಿಕ್ಕೆ
ಅಷ್ಟು ದುಡ್ಡೂ ಸಾಲಲಿಲ್ಲ.

ನಮ್ಮ ಐತಪ್ಪ ಮಾಮ ಹೆಂಚಿನ ಕಾರ್ಖಾನೆಯಲ್ಲಿ ಇದ್ದವರು.
ಈ ಮಾಲ್ ಇರುವ ಜಾಗವೇ ಅದು. ಎರಡನೆಯ ಬೇಸ್‌ಮೆಂಟಿನಲ್ಲಿ
ಕಾರು ತಿರುಗಿಸುವಲ್ಲಿ ಭಟ್ಟಿ ಇತ್ತಂತೆ.
ಬೀಗ ಬಿದ್ದಾಗ ಅರುವತ್ತೊಂದು ಮಂದಿ.
ಗ್ರಾಚುಯಿಟಿ ಇಲ್ಲ, ಪಿ.ಎಫ್. ಇಲ್ಲ,
ಮಸ್ಟರ್ ರೋಲೇ ಇಲ್ಲ ಅಂದರು ಧಣಿಯ ಮಕ್ಕಳು.
ಮಾಮ ಅವರಲ್ಲೇ ವಾಚ್‌ಮನ್ ಕೆಲಸಕ್ಕೆ ಸೇರಿದರು.
ಜೆಪ್ಪುವಿನಲ್ಲಿ ಯಾರೂ ಮಾತಾಡಿಸಲಿಲ್ಲ.
ಮೀನು ಮಾರ್ಕೆಟ್ಟಿನಲ್ಲಿ ಗಿರಿಜಕ್ಕ, ಅಲ್ಲಿ ಮಣ್ಣು ತುಳಿಯುತ್ತಿದ್ದವಳು,
ಎಲೆಅಡಿಕೆಯ ಕೆಂಪನ್ನು ಅವರ ಖಾಕಿಯ ಮೇಲೆ ಉಗಿದಳು.
ಮಾಮ ಬೈರಾಸಿನಲ್ಲಿ ಒರೆಸಿಕೊಂಡು
ಅರ್ಧ ಕಿಲೋ ಬೂತಾಯಿ ಹಿಡಿದು ಮನೆಗೆ ಬಂದರು.
ಅಂಗಿ ಒಗೆದದ್ದು ನಾನು. ಕಲೆ ಹೋಗಲಿಲ್ಲ.

ಹನ್ನೊಂದು ವರ್ಷ.
ಹನ್ನೊಂದು ಮಳೆಗಾಲ ಆ ಗೇಟಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ.
ರಾತ್ರಿ ಪಾಳಿಯಲ್ಲಿ, ಹಳೆ ಆಫೀಸಿನ ಕಪಾಟಿನಿಂದ,
ಗೆದ್ದಲು ತಿಂದು ಬಿಟ್ಟದ್ದನ್ನು ಹಾಳೆ ಹಾಳೆಯಾಗಿ
ಬುತ್ತಿಯ ಅಡಿಯಲ್ಲಿಟ್ಟು ತಂದರು,
ಅಕ್ಕಿಯ ಡ್ರಮ್ಮಿನೊಳಗೆ ಹುಗಿದರು.
ಅತ್ತೆಗೆ ಹೇಳಲಿಲ್ಲ. ಅತ್ತೆಗೆ ಗೊತ್ತಿತ್ತು,
ಅವರೂ ಹೇಳಲಿಲ್ಲ.
ಲೇಬರ್ ಕೋರ್ಟಿನಲ್ಲಿ ಕಟ್ಟು ಬಿಚ್ಚಿದ ದಿನ
ಹೆಸರು ಕೂಗಿದರೆ 'ಹಾಜರ್' ಅನ್ನಲಿಕ್ಕೆ ಉಳಿದವರು ಹತ್ತೊಂಬತ್ತು.
ಗಿರಿಜಕ್ಕ ಇರಲಿಲ್ಲ.

ಮಾಮನನ್ನು ಬುಧವಾರದ ಮ್ಯಾಟಿನಿಗೆ ಕರೆದುಕೊಂಡು ಬಂದೆ, ಸ್ಟಾಫ್ ಪಾಸಿನಲ್ಲಿ.
ಡ್ರ್ಯಾಗನ್ ಬಂದಾಗ ಅವರಿಗೆ ನಿದ್ರೆ.
ಎಲ್ಲೋ ನಡುವೆ, ಆಳುಗಳು ಒಬ್ಬೊಬ್ಬರಾಗಿ
ಕಾಗದದ ಮೇಲೆ ಹೆಸರು ಬರೆಯುವ ಜಾಗ ಒಂದುಂಟು,
ಮಾತಿಲ್ಲ, ಬೆಂಕಿ ಇಲ್ಲ, ಕುಂಚದ ಸದ್ದು ಮಾತ್ರ.
ಮಾಮ ಎಚ್ಚರಾದರು. ಕನ್ನಡಕ ತೆಗೆದು ಮುಂದಕ್ಕೆ ಬಾಗಿದರು,
ಓದುವವರಂತೆ.
ಮೂರನೆಯವನು ಬರೆಯುವಷ್ಟರಲ್ಲಿ ಏನೋ ಸಿಡಿಯಿತು,
ಪರದೆಯೆಲ್ಲ ಕಿತ್ತಳೆ.
"ಉಳಿದವರು?" ಅಂತ ನನ್ನನ್ನು ಕೇಳಿದರು.

ಹೊರಗೆ ಬರುವಾಗ ಹೇಗಿತ್ತು ಅಂದೆ.
"ಎಂಥ ಅವಸರ ಮಾರಾಯ್ತಿ ಅವರಿಗೆ."
ಆಮೇಲೆ ಬೇಸ್‌ಮೆಂಟಿನಲ್ಲಿ, ಕಾರು ತಿರುಗುವಲ್ಲಿ ನಿಂತು,
ಚಪ್ಪಲಿ ಕಳಚಿ, ಸಿಮೆಂಟಿನ ಮೇಲೆ ಪಾದ ಇಟ್ಟು ನೋಡಿದರು,
ಬಿಸಿ ಉಂಟೋ ಅಂತ.
ಹಿಂದಿನ ಕಾರಿನವ ಹಾರ್ನ್ ಹೊಡೆದ.